ಅಕ್ಷರ ಕಾಣುವ ಪರದೆ



ಈ ಅಂಕಣದಲ್ಲಿ ಗ್ರಂಥಗಳನ್ನು ಕುರಿತು, ಅವುಗಳನ್ನು ಓದಿ ಅರ್ಥೈಸಿಕೊಳ್ಳುವ ಬಗೆಯನ್ನು ಕುರಿತು ಬರೆಯುತ್ತ ಬಂದಿರುವ ನಾನು ಈ ತಿಂಗಳು ಲ್ಯಾಪ್‌ಟಾಪ್ ಕೊಳ್ಳುವ ವಿಚಾರವನ್ನು ಎತ್ತಿಕೊಂಡಿರುವುದು ಕೆಲವರಿಗೆ ಸೋಜಿಗವೆನಿಸಬಹುದು. ಮಠದಲ್ಲಿ ಓಲೆಗರಿ ಓದುವುದನ್ನು ಕಲಿತವನಿಗೆ ಅಂಗಡಿಯ ಯಂತ್ರದ ಗೊಡವೆ ಏಕೆ ಎಂದು ಯಾರಾದರೂ ಕೇಳಿದರೆ ತಪ್ಪೇನೂ ಇಲ್ಲ. ಆದರೆ ಇಂದು ನಮ್ಮ ಮನೆಗಳ ಮಕ್ಕಳು ಗ್ರಂಥವನ್ನು ಬಿಚ್ಚುವುದು ವ್ಯಾಸಪೀಠದ ಮೇಲಲ್ಲ, ಈ ಯಂತ್ರದ ಪರದೆಯ ಮೇಲೆ. ಓದುವ ಪೀಠ ಹೇಗಿರಬೇಕೆಂಬ ಪ್ರಶ್ನೆಯು ಓದಿಗೆ ಹೊರತಾದುದಲ್ಲ. ಅದರಲ್ಲಿಯೂ ಸಾಲ ಮಾಡಿಯೋ ಚೀಟಿ ಎತ್ತಿಯೋ ಹಣ ಹೊಂದಿಸುವ ಕುಟುಂಬಕ್ಕೆ ಒಮ್ಮೆ ತಪ್ಪಿದ ಆಯ್ಕೆಯನ್ನು ಮರಳಿ ತಿದ್ದಿಕೊಳ್ಳುವ ಅವಕಾಶವಿರುವುದಿಲ್ಲ.

ಕಳೆದ ಬೇಸಿಗೆಯಲ್ಲಿ ದೊಡ್ಡಬಳ್ಳಾಪುರದ ನಮ್ಮ ಬೀದಿಯ ನೇಕಾರರೊಬ್ಬರು ತಮ್ಮ ಮಗಳೊಡನೆ ನನ್ನ ಮನೆಗೆ ಬಂದರು. ನಾಲ್ಕು ವಿದ್ಯುತ್ ಮಗ್ಗಗಳನ್ನು ನಡೆಸಿಕೊಂಡು ಸಂಸಾರ ತೂಗಿಸುವವರು. ಮಗಳು ಬೆಂಗಳೂರಿನಲ್ಲಿ ಕನ್ನಡ ಎಂ.ಎ. ಓದುತ್ತಿದ್ದಾಳೆ, ದಿನವೂ ರೈಲಿನಲ್ಲಿ ಹೋಗಿ ಬರುತ್ತಾಳೆ. ವಚನಗಳ ಆರಂಭಕಾಲದ ಮುದ್ರಿತ ಆವೃತ್ತಿಗಳನ್ನು ಹೋಲಿಸಿ ಪ್ರಬಂಧ ಬರೆಯಬೇಕೆಂಬುದು ಅವಳ ಹಂಬಲ. ಎರಡು ವರ್ಷ ಚೀಟಿ ಕಟ್ಟಿ ಎತ್ತಿದ 65,000 ರೂಪಾಯಿ ಅವರ ಕೈಯಲ್ಲಿತ್ತು.

“ಗುರುಗಳೇ, ದೊಡ್ಡ ಸ್ಕ್ರೀನ್ ಇರೋದೊಂದು ಕಡಿಮೆ ಬೆಲೆಗೆ ಸಿಗ್ತಿದೆ. ಓದೋ ಮಗೂಗೆ ದೊಡ್ಡದೇ ಒಳ್ಳೇದಲ್ವಾ?” ಎಂದು ತಂದೆ ಕೇಳಿದರು.

“ಅಷ್ಟು ಭಾರ ದಿನಾ ರೈಲಲ್ಲಿ ಹೊತ್ಕೊಂಡು ಹೋಗೋಕಾಗಲ್ಲ ತಾತ. ಚಿಕ್ಕದಿರಲಿ, ಆದ್ರೆ ಸ್ಕ್ರೀನ್ ಮಾತ್ರ ಫೋರ್‌ಕೆ ಇರ್ಬೇಕು ಅಂತ ನಮ್ಮ ಕ್ಲಾಸ್‌ನೋರು ಹೇಳ್ತಾರೆ” ಎಂದಳು ಮಗಳು.

ತಂದೆ ಅಳೆಯುತ್ತಿದ್ದುದು ಪರದೆಯ ಉದ್ದಗಲವನ್ನು. ಮಗಳು ಅಳೆಯುತ್ತಿದ್ದುದು ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿಯನ್ನು. ಇಬ್ಬರ ಮಾತಿನಲ್ಲಿಯೂ ಅರ್ಧ ಸತ್ಯವಿತ್ತು. ಉಳಿದರ್ಧವನ್ನು ಹೇಳುವ ಯೋಗ್ಯತೆ ನನಗೆ ಬಂದದ್ದು ಪಾಂಡಿತ್ಯದಿಂದಲ್ಲ, ನಾನೇ ಮಾಡಿದ ಒಂದು ತಪ್ಪಿನಿಂದ. ಅದನ್ನು ಮೊದಲು ನಿವೇದಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿನಿಲಯವೊಂದರ ಸ್ಮರಣ ಸಂಚಿಕೆಯ ಕರಡು ತಿದ್ದುವ ಕೆಲಸವನ್ನು ಒಪ್ಪಿಕೊಂಡಿದ್ದೆ. ಕರಡು ಕಾಗದದಲ್ಲಿ ಬರಲಿಲ್ಲ, ಗಣಕದಲ್ಲಿ ಬಂದಿತು. ನನ್ನಲ್ಲಿದ್ದುದು ಅಗ್ಗವೆಂದು ಕೊಂಡ ದೊಡ್ಡ ಲ್ಯಾಪ್‌ಟಾಪ್. ಅದರ ಪರದೆ ಮೂಲೆಯಿಂದ ಮೂಲೆಗೆ 15.6 ಇಂಚು. ಇಡೀ ಪುಟವನ್ನು ಒಮ್ಮೆಗೇ ಕಾಣುವಂತೆ ಇಟ್ಟುಕೊಂಡು ರಾತ್ರಿ ಹನ್ನೊಂದರವರೆಗೆ ಕುಳಿತು ತಿದ್ದಿ ಕಳುಹಿಸಿದೆ. ಸಂಚಿಕೆ ಅಚ್ಚಾಗಿ ಬಂದಾಗ ದಾನಿಗಳ ಪಟ್ಟಿಯ ಮೇಲೆ ‘ಧನಸಹಾಯ ಮಾಡಿದವರು’ ಎಂದಿರಬೇಕಾದಲ್ಲಿ ‘ದನಸಹಾಯ ಮಾಡಿದವರು’ ಎಂದಿತ್ತು. ಸಭೆಯಲ್ಲಿ ನಗೆ ಹರಡಿತು. ಆದರೆ ಜೀವಮಾನದ ಉಳಿತಾಯದಿಂದ ಒಂದು ಕೊಠಡಿಯನ್ನೇ ಕಟ್ಟಿಸಿಕೊಟ್ಟಿದ್ದ ಹಿರಿಯರೊಬ್ಬರು ನಗಲಿಲ್ಲ. ತಮ್ಮ ಹೆಸರಿನ ಮೇಲಿದ್ದ ಆ ಪದವನ್ನು ಬೆರಳಿನಿಂದ ಒಮ್ಮೆ ಸವರಿ, ಪುಸ್ತಕವನ್ನು ಮುಚ್ಚಿ ಪಕ್ಕದಲ್ಲಿಟ್ಟರು. ಆ ರಾತ್ರಿ ನಿಲಯದ ಹುಡುಗರು 800 ಪ್ರತಿಗಳಿಗೂ ತಿದ್ದುಪಡಿಯ ಚೀಟಿ ಅಂಟಿಸಿದರು. ನಾನೂ ಅವರ ಜೊತೆಯಲ್ಲಿ ಕುಳಿತು ಅಂಟಿಸಿದೆ. ಆಗ ನನ್ನ ಕಣ್ಣಿಗೆ ಪೊರೆ ಬರುತ್ತಿತ್ತು ಎಂಬುದು ನಿಜ. ಶಸ್ತ್ರಚಿಕಿತ್ಸೆ ಆದದ್ದು ಆಮೇಲೆ. ಆದರೆ ಶಸ್ತ್ರಚಿಕಿತ್ಸೆಯ ನಂತರ ಅದೇ ಯಂತ್ರದಲ್ಲಿ ಅದೇ ಪುಟವನ್ನು ತೆರೆದು ನೋಡಿದಾಗಲೂ ‘ದ’ ಯಾವುದು, ‘ಧ’ ಯಾವುದು ಎಂದು ನಿಶ್ಚಯಿಸಲಾಗಲಿಲ್ಲ. ದೋಷ ಕಣ್ಣಿನಲ್ಲಿ ಮಾತ್ರ ಇರಲಿಲ್ಲ.

ಇದಕ್ಕೆ ಕಾರಣವನ್ನು ಸ್ವಲ್ಪ ವಿಸ್ತಾರವಾಗಿ ನೋಡೋಣ. ಪರದೆಯ ಮೇಲಿನ ಚಿತ್ರವೂ ಅಕ್ಷರವೂ ಪಿಕ್ಸೆಲ್ ಎಂದು ಕರೆಯಲ್ಪಡುವ ಸಣ್ಣ ಚುಕ್ಕೆಗಳಿಂದ ಆದದ್ದು. ನನ್ನ ಹಳೆಯ ಯಂತ್ರದಲ್ಲಿ ಅಡ್ಡಕ್ಕೆ 1366, ಉದ್ದಕ್ಕೆ 768 ಚುಕ್ಕೆಗಳಿದ್ದವು. ಮೇಲಿನ ಮತ್ತು ಕೆಳಗಿನ ಪಟ್ಟಿಗಳಿಗೆ ಹೋದದ್ದನ್ನು ಕಳೆದರೆ ಪುಟಕ್ಕೆ ದಕ್ಕುವುದು ಎತ್ತರದಲ್ಲಿ ಸುಮಾರು 630. ಮೂವತ್ತು ಸಾಲುಗಳಿರುವ ಪುಟವನ್ನು ಅದರಲ್ಲಿ ಕೂರಿಸಿದರೆ ಸಾಲೊಂದಕ್ಕೆ 21 ಚುಕ್ಕೆ. ಆ ಇಪ್ಪತ್ತೊಂದರಲ್ಲಿಯೇ ತಲೆಕಟ್ಟು, ಗುಣಿತದ ಕೊಂಬು, ಅಕ್ಷರದ ಒಡಲು, ಕೆಳಗಿನ ಒತ್ತಕ್ಷರ, ಎರಡು ಸಾಲುಗಳ ನಡುವಿನ ಬಯಲು ಎಲ್ಲವೂ ಇರಬೇಕು. ಅಕ್ಷರದ ಒಡಲಿಗೆ ಉಳಿಯುವುದು ಎಂಟೋ ಹತ್ತೋ. ಇನ್ನು ‘ಧ’ಕಾರದ ಕೆಳಗಿನ ಸೀಳಿಗೆ ಒಂದು ಪೂರ್ತಿ ಚುಕ್ಕೆಯೂ ದಕ್ಕುವುದಿಲ್ಲ.

ಇಂಗ್ಲಿಷ್ ಅಕ್ಷರಗಳಿಗೆ ಈ ಪರದೆ ಹೇಗೋ ಸಾಕಾಗುತ್ತದೆ; ಅವುಗಳಿಗೆ ಒತ್ತಿಲ್ಲ, ಸೀಳಿಲ್ಲ. ಕನ್ನಡದ ಸ್ಥಿತಿ ಬೇರೆ. ‘ಪಲ’ಕ್ಕೂ ‘ಫಲ’ಕ್ಕೂ, ‘ಬಾರ’ಕ್ಕೂ ‘ಭಾರ’ಕ್ಕೂ ಇರುವ ವ್ಯತ್ಯಾಸ ಒಂದು ಸಣ್ಣ ಗೀಟು. ‘ಕದನ’ವನ್ನು ‘ಕಥನ’ದಿಂದ ಬೇರ್ಪಡಿಸುವುದು ಒಡಲೊಳಗಿನ ಒಂದು ಬಿಂದು. ‘ರಾಷ್ಟ್ರ’, ‘ಸ್ವಾತಂತ್ರ್ಯ’, ‘ಲಕ್ಷ್ಮಿ’ ಎಂಬ ಪದಗಳಲ್ಲಿ ಒಂದರ ಕೆಳಗೊಂದು, ಒಂದರ ಪಕ್ಕ ಒಂದು ಒತ್ತು ಬಂದು ಕೂರುತ್ತದೆ. ಆದುದರಿಂದ ಕನ್ನಡ ಓದುವವನಿಗೆ ಒಳ್ಳೆಯ ಪರದೆ ಭೋಗದ ವಸ್ತುವಲ್ಲ. ಬೇರೆ ಲಿಪಿಯವರಿಗಿಂತ ನಮಗೆ ಅದರ ಅಗತ್ಯ ಹೆಚ್ಚು.

ಇಷ್ಟನ್ನು ನಾನು ಹೇಳುವಷ್ಟರಲ್ಲಿ ನೇಕಾರರು ತಲೆದೂಗಿದರು. “ಇಂಚಿಗೆ ಎಷ್ಟು ಎಳೆ ಅನ್ನೋ ಲೆಕ್ಕ ಅಲ್ವಾ ಗುರುಗಳೇ ಇದು” ಎಂದರು. ಅವರ ಮಾತಿಗಿಂತ ಸರಿಯಾದ ವಿವರಣೆ ನನಗೆ ತೋರಲಿಲ್ಲ. ಸೀರೆ ಎಷ್ಟು ಅಗಲವಿದೆ ಎಂಬುದರಿಂದ ಅದರ ಸೆರಗಿನ ನವಿಲು ಸ್ಪಷ್ಟವಾಗುವುದಿಲ್ಲ. ಹಾಸಿನಲ್ಲಿಯೂ ಹೊಕ್ಕಿನಲ್ಲಿಯೂ ಇಂಚಿಗೆ ಎಷ್ಟು ಎಳೆ ಬಿದ್ದಿದೆ ಎಂಬುದರಿಂದ ಆಗುತ್ತದೆ. ಎಳೆ ವಿರಳವಾದರೆ ನವಿಲಿನ ಕತ್ತು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಪರದೆಯ ಮಾತೂ ಅಷ್ಟೇ.

ಈ ಹೋಲಿಕೆ ಬರಿಯ ಅಲಂಕಾರವೂ ಅಲ್ಲ. ದೊಡ್ಡಬಳ್ಳಾಪುರದ ಮಗ್ಗಗಳ ಮೇಲೆ ಕುಳಿತಿರುವ ಜಕಾರ್ಡ್ ಎಂಬ ಸಾಧನವನ್ನು ಫ್ರಾನ್ಸ್ ದೇಶದ ಜೋಸೆಫ್ ಮರಿ ಜಕಾರ್ಡ್ ಎಂಬಾತ 1804ರಲ್ಲಿ ರೂಪಿಸಿದನು. ರಟ್ಟಿನಲ್ಲಿ ತೂತಿದ್ದರೆ ಎಳೆ ಮೇಲೇಳುತ್ತದೆ, ಇಲ್ಲದಿದ್ದರೆ ಕೆಳಗುಳಿಯುತ್ತದೆ. ಚಿತ್ರವನ್ನು ಚೌಕಗಳ ಕಾಗದದಲ್ಲಿ ಬರೆದು ಒಂದೊಂದು ಚೌಕವನ್ನೂ ತುಂಬುವ ನಮ್ಮ ವಿನ್ಯಾಸಕಾರನು ಮಾಡುವುದು ಪಿಕ್ಸೆಲ್‌ಗಳ ಕೆಲಸವನ್ನೇ. ಆ ತೂತಿನ ರಟ್ಟುಗಳ ಉಪಾಯವನ್ನೇ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ 1830ರ ದಶಕದಲ್ಲಿ ತನ್ನ ಗಣಕಯಂತ್ರದ ಯೋಜನೆಗೆ ತೆಗೆದುಕೊಂಡನು. ಗಣಕವು ಮಗ್ಗದ ಮನೆಗೆ ಹೊಸ ನೆಂಟನಲ್ಲ. ದೂರ ಹೋಗಿ ಮರಳಿ ಬಂದ ಮನೆಯವನೇ.

ಹಾಗಾದರೆ ಇಂಚಿಗೆ ಎಷ್ಟು ಚುಕ್ಕೆ ಇರಬೇಕು? ಲೆಕ್ಕ ಸುಲಭ. ಪರದೆಯ ಅಡ್ಡಳತೆಯನ್ನು ಟೇಪಿನಿಂದ ಇಂಚಿನಲ್ಲಿ ಅಳೆಯಿರಿ. ಅಡ್ಡಕ್ಕಿರುವ ಚುಕ್ಕೆಗಳ ಸಂಖ್ಯೆಯನ್ನು ಅದರಿಂದ ಭಾಗಿಸಿರಿ. ನನ್ನ ಹಳೆಯ ಯಂತ್ರದ ಅಗಲ 13.6 ಇಂಚು, 1366ನ್ನು ಭಾಗಿಸಿದರೆ ಇಂಚಿಗೆ 100. ಆರೋಗ್ಯವಂತ ಕಣ್ಣು ಎರಡು ಬಿಂದುಗಳನ್ನು ಬೇರೆ ಬೇರೆಯೆಂದು ಗುರುತಿಸಲು ಅವುಗಳ ನಡುವೆ ಸುಮಾರು ಒಂದು ಡಿಗ್ರಿಯ 60ರಲ್ಲಿ ಒಂದು ಭಾಗದಷ್ಟು ಕೋನ ಬೇಕೆಂಬುದು ನೇತ್ರಶಾಸ್ತ್ರದ ರೂಢಿಯ ಅಳತೆ. ಕಣ್ಣಿನಿಂದ ಒಂದು ಮೊಳ, ಎಂದರೆ ಸುಮಾರು 45 ಸೆಂಟಿಮೀಟರ್ ದೂರದಲ್ಲಿ ಪರದೆಯಿಟ್ಟು ಕುಳಿತರೆ ಆ ಕೋನಕ್ಕೆ ಸಲ್ಲುವ ಅಂತರ 0.13 ಮಿಲಿಮೀಟರ್, ಇಂಚಿಗೆ ಹೆಚ್ಚುಕಡಿಮೆ 200 ಚುಕ್ಕೆ. ಅಲ್ಲಿಂದ ಮೇಲೆ ಏರಿಸುತ್ತ ಹೋದಂತೆ ಕಣ್ಣಿಗೆ ಆಗುವ ಲಾಭ ಕಡಿಮೆಯಾಗುತ್ತ ಬರುತ್ತದೆ. ಮೊಬೈಲನ್ನು ಇನ್ನೂ ಹತ್ತಿರ ಹಿಡಿಯುವುದರಿಂದ ಅದಕ್ಕೆ 300ರ ಆಸುಪಾಸು ಬೇಕು. 2010ರಲ್ಲಿ ಆ್ಯಪಲ್ ಸಂಸ್ಥೆ ತನ್ನ ಫೋನಿಗೆ ಇಂಚಿಗೆ 326 ಚುಕ್ಕೆಗಳ ಪರದೆಯನ್ನೂ, 2012ರಲ್ಲಿ ಲ್ಯಾಪ್‌ಟಾಪಿಗೆ 220 ಚುಕ್ಕೆಗಳ ಪರದೆಯನ್ನೂ ತಂದದ್ದು ಇದೇ ಲೆಕ್ಕದ ಮೇಲೆ. ಅದಕ್ಕೂ ಹಿಂದಿನ ಸ್ಥಿತಿಯನ್ನು ನೆನೆದರೆ ಈ ವಿದ್ಯೆ ನಡೆದು ಬಂದ ದೂರ ತಿಳಿಯುತ್ತದೆ. ಮಡಿಚಿ ಒಯ್ಯಬಹುದಾದ ಮೊದಮೊದಲ ಗಣಕಗಳಲ್ಲೊಂದಾದ, 1982ರ ಗ್ರಿಡ್ ಕಂಪಾಸಿನಲ್ಲಿ ಇದ್ದದ್ದು 320 × 240 ಚುಕ್ಕೆ. ನಮ್ಮ ಬೆಂಗಳೂರಿನಲ್ಲಿಯೇ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ತಂತ್ರಜ್ಞರೂ ಸೇರಿ ಜನಸಾಮಾನ್ಯರಿಗೆಂದು ರೂಪಿಸಿ, 2004ರಲ್ಲಿ ಮಾರಾಟಕ್ಕೆ ಬಂದ ಅಂಗೈಯಗಲದ ಸಿಂಪ್ಯೂಟರ್ ಎಂಬ ಯಂತ್ರದ ಪರದೆಯೂ ಅಷ್ಟು ಚುಕ್ಕೆಗಳದೇ.

ಒಂದು ಭಾನುವಾರ ಬಿಟ್ಟು ಮರುದಿನ ನಾವು ಮೂವರೂ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆವು. ಹೊರಡುವ ಮೊದಲು ನಾನು ಹುಡುಗಿಗೆ ಒಂದು ಕೆಲಸ ಹೇಳಿದ್ದೆ. “ಮಗೂ, ಅಂಗಡಿಯವರು ತೋರಿಸುವ ಹೂವಿನ ಚಿತ್ರ, ಸಮುದ್ರದ ಚಿತ್ರ ನೋಡಿ ಮರುಳಾಗಬೇಡ. ನೀನು ಓದಬೇಕಾದ ಪುಟವನ್ನೇ ಒಂದು ಪೆನ್‌ಡ್ರೈವಿನಲ್ಲಿ ತಾ.” ಅವಳು ಇಂಟರ್ನೆಟ್ ಆರ್ಕೈವ್ ಎಂಬ ಜಾಲತಾಣದಿಂದ ಇಳಿಸಿಕೊಂಡಿದ್ದ ಹಳೆಯ ಅಚ್ಚಿನ ಕೆಲವು ಪುಟಗಳನ್ನೂ, ಮೇಲೆ ಹೇಳಿದ ಜೋಡಿಪದಗಳನ್ನು ಟೈಪು ಮಾಡಿದ ಒಂದು ಪುಟವನ್ನೂ ತಂದಿದ್ದಳು.

ಹಳೆಯ ಅಚ್ಚನ್ನು ನಾನು ಒತ್ತಿ ಹೇಳಿದ್ದಕ್ಕೆ ಕಾರಣವಿದೆ. ಫ.ಗು. ಹಳಕಟ್ಟಿಯವರು ಮನೆಮನೆಯ ಓಲೆಗರಿಗಳನ್ನು ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರ ಸಾರ’ವನ್ನು ಹೊರತಂದರು, ಮುಂದೆ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನೇ ಸ್ಥಾಪಿಸಿದರು. ಅಲ್ಲಿಂದ 1993ರಲ್ಲಿ ಕರ್ನಾಟಕ ಸರ್ಕಾರವು ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 15 ಸಮಗ್ರ ವಚನ ಸಂಪುಟಗಳನ್ನು ಪ್ರಕಟಿಸುವವರೆಗಿನ ಏಳು ದಶಕಗಳ ಶ್ರಮವೆಲ್ಲ ಅಕ್ಷರ ಅಕ್ಷರವನ್ನು ಬಿಡಿಸಿ ನೋಡಿದ ಶ್ರಮ. ಓಲೆಗರಿಯಲ್ಲಿ ಎಕಾರ ಏಕಾರಗಳನ್ನೂ ಒಕಾರ ಓಕಾರಗಳನ್ನೂ ಬೇರೆಯಾಗಿ ಬರೆಯುವ ವಾಡಿಕೆ ಇರಲಿಲ್ಲ. ಓದುವವನೇ ಸಂದರ್ಭ ನೋಡಿ ನಿರ್ಧರಿಸಬೇಕಾಗಿತ್ತು. ಅಷ್ಟು ಕಷ್ಟಪಟ್ಟು ಹಿರಿಯರು ನಿಶ್ಚಯಿಸಿಕೊಟ್ಟ ಅಕ್ಷರವನ್ನು ಇಂದು ಒಂದು ಮಬ್ಬು ಪರದೆಯ ದೆಸೆಯಿಂದ ನಾವು ಮತ್ತೆ ಕಳೆದುಕೊಳ್ಳಬಾರದು.

ಅಂಗಡಿಯಲ್ಲಿ ನಾಲ್ಕು ಯಂತ್ರಗಳನ್ನು ಸಾಲಾಗಿ ಇರಿಸಿ ಅದೇ ಪುಟವನ್ನು ತೆರೆಸಿದೆವು. ಮೊದಲನೆಯದು ತಂದೆ ಮೆಚ್ಚಿದ್ದ 15.6 ಇಂಚಿನದು, ಫುಲ್ ಎಚ್‌ಡಿ ಎಂದು ಕರೆಯುವ 1920 × 1080 ಚುಕ್ಕೆ. ಅಡ್ಡಳತೆಯಿಂದ ಭಾಗಿಸಿದರೆ ಇಂಚಿಗೆ 141. ಎರಡನೆಯದು 14 ಇಂಚಿನ 1920 × 1200, ಇಂಚಿಗೆ 162. ಮೂರನೆಯದು ಅದೇ 14 ಇಂಚಿನ 2560 × 1600, ಇಂಚಿಗೆ 216. ನಾಲ್ಕನೆಯದು ಮಗಳ ಸಹಪಾಠಿಗಳು ಹೊಗಳಿದ್ದು, 13.4 ಇಂಚಿನಲ್ಲಿ 3840 × 2400, ಇಂಚಿಗೆ 338. ಅದರ ಬೆಲೆ ನಮ್ಮ ಕೈಗೆ ಎಟಕುವಂತಹದಾಗಿರಲಿಲ್ಲ. ನೋಡುವುದಕ್ಕೆ ಸುಂಕವಿಲ್ಲವಲ್ಲ ಎಂದು ಅದನ್ನೂ ಇರಿಸಿಕೊಂಡೆವು.

ಒಂದು ಮೊಳ ದೂರದಲ್ಲಿ ಕುಳಿತು ಹುಡುಗಿ ಓದಿದಳು. ಮೊದಲನೆಯದರಲ್ಲಿ ಟೈಪು ಮಾಡಿದ ಪದಗಳು ತಿಳಿದವು. ಹಳೆಯ ಅಚ್ಚಿನ ಇಡೀ ಪುಟದಲ್ಲಿ ಒತ್ತುಗಳು ಕಲಸಿಕೊಂಡವು. ಅಷ್ಟೇ ಅಲ್ಲ, ತುಸು ಪಕ್ಕಕ್ಕೆ ಸರಿದರೆ ಬಣ್ಣ ಕಂದುತ್ತಿತ್ತು. ಎರಡನೆಯದರಲ್ಲಿ ಪಾಠ, ಟಿಪ್ಪಣಿ, ಟೈಪಿನ ಕೆಲಸಕ್ಕೆ ಯಾವ ತೊಂದರೆಯೂ ಕಾಣಲಿಲ್ಲ. ಹಳೆಯ ಪುಟವನ್ನು ಮಾತ್ರ ಸ್ವಲ್ಪ ಹಿಗ್ಗಿಸಬೇಕಾಯಿತು. ಮೂರನೆಯದರಲ್ಲಿ ಇಡೀ ಪುಟವು ಹಿಗ್ಗಿಸದೆಯೇ ತಿಳಿಯಿತು. ಸಾಲೊಂದಕ್ಕೆ ನನ್ನ ಹಳೆಯ ಯಂತ್ರದಲ್ಲಿ 21 ಚುಕ್ಕೆ ಇದ್ದರೆ ಇಲ್ಲಿ ಅದರ ಎರಡರಷ್ಟಕ್ಕಿಂತ ಹೆಚ್ಚು. ನಾಲ್ಕನೆಯದನ್ನೂ ಮೂರನೆಯದನ್ನೂ ಪಕ್ಕಪಕ್ಕದಲ್ಲಿಟ್ಟು ಎಷ್ಟು ನೋಡಿದರೂ ಅವಳ ಎಳೆಯ ಕಣ್ಣಿಗೂ ಅಂತರ ತೋರಲಿಲ್ಲ.

ಆಗ ನೇಕಾರರು ಅಂಗಿಯ ಜೇಬಿನಿಂದ ಎಳೆ ಎಣಿಸುವ ಪುಟ್ಟ ಭೂತಗನ್ನಡಿಯನ್ನು ತೆಗೆದು ಪರದೆಗೆ ತಗುಲಿಸದಂತೆ ಹಿಡಿದು ಬಾಗಿ ನೋಡಿದರು. ಬಿಳಿಯೆಂದು ಕಾಣುತ್ತಿದ್ದಲ್ಲಿ ಬಿಳಿ ಇರಲಿಲ್ಲ. ಕೆಂಪು, ಹಸಿರು, ನೀಲಿಯ ಮೂರು ಕಿರುಗೆರೆಗಳು ಕೂಡಿ ಒಂದೊಂದು ಚುಕ್ಕೆಯಾಗಿತ್ತು. ಮೊದಲನೆಯ ಯಂತ್ರದ ಚುಕ್ಕೆಗಳನ್ನೂ ಮೂರನೆಯದರ ಚುಕ್ಕೆಗಳನ್ನೂ ಎಣಿಸಿ ಅವರು ತಲೆಯೆತ್ತಿದರು. “ಇದು ಒರಟು ನೇಯ್ಗೆ, ಇದು ನಯದ ನೇಯ್ಗೆ. ಅಗಲ ನೋಡಿ ಮೋಸ ಹೋಗ್ತಿದ್ದೆ” ಎಂದರು. ಅಂಗಡಿಯ ಹುಡುಗರೂ ಆ ಗಾಜನ್ನು ಇಸಿದುಕೊಂಡು ನೋಡಿದರು.

ಇಲ್ಲಿ ಓದುಗರು ಒಂದು ತಪ್ಪು ತಿಳಿವಳಿಕೆಯನ್ನು ಬಿಡಬೇಕು. ಚುಕ್ಕೆ ಹೆಚ್ಚಾದರೆ ಅಕ್ಷರ ಇರುವೆಯಷ್ಟು ಚಿಕ್ಕದಾಗುತ್ತದೆ, ವಯಸ್ಸಾದವರಿಗೆ ಅದು ಸಲ್ಲದು ಎಂದು ಹಲವರು ಹೆದರುತ್ತಾರೆ. ಸ್ಕೇಲಿಂಗ್ ಎಂಬ ಒಂದು ಏರ್ಪಾಡು ಇದೆ. ಅದನ್ನು ಶೇಕಡ 150 ಅಥವಾ 200ಕ್ಕೆ ಇಟ್ಟರೆ ಅಕ್ಷರದ ಗಾತ್ರ ಹಿಂದಿನಷ್ಟೇ ಇದ್ದು, ಅದನ್ನು ಬರೆಯಲು ಬಳಕೆಯಾಗುವ ಚುಕ್ಕೆಗಳು ಮಾತ್ರ ಹೆಚ್ಚುತ್ತವೆ. ಹೆಚ್ಚು ಚುಕ್ಕೆಗಳಿರುವುದು ಅಕ್ಷರವನ್ನು ಕಿರಿದುಗೊಳಿಸುವುದಕ್ಕಲ್ಲ, ಅದೇ ಅಕ್ಷರವನ್ನು ನಯವಾಗಿ ನೇಯುವುದಕ್ಕೆ. ಆದರೆ ಹಲವು ವರ್ಷಗಳ ಹಿಂದಿನ ಕನ್ನಡ ತಂತ್ರಾಂಶಗಳನ್ನು ಈಗಲೂ ಬಳಸುವವರು ಕೊಳ್ಳುವ ಮೊದಲೇ ಪರೀಕ್ಷಿಸಿಕೊಳ್ಳಬೇಕು. ಅಂತಹ ಕೆಲವು ತಂತ್ರಾಂಶಗಳು ಹೊಸ ಪರದೆಯಲ್ಲಿ ಮಸುಕಾಗಿಯೋ ಅತಿ ಚಿಕ್ಕದಾಗಿಯೋ ಕಾಣುತ್ತವೆ. 1991ರಿಂದಲೇ ಕನ್ನಡಕ್ಕೆ ಸ್ಥಾನವಿರುವ ಯೂನಿಕೋಡ್ ಪದ್ಧತಿಯಲ್ಲಿ ಬರೆದರೆ ಮುಂದೆ ಯಂತ್ರ ಬದಲಾದರೂ ಬರೆಹಕ್ಕೆ ಅಪಾಯವಿಲ್ಲ.

ಚುಕ್ಕೆಗಳ ಸಂಖ್ಯೆಯೊಂದೇ ಸರ್ವಸ್ವವೂ ಅಲ್ಲ. ಓಲೆಗರಿಯ ಮೇಲೆ ಕಂಠದಿಂದ ಕೊರೆದ ಅಕ್ಷರ ಎಷ್ಟೇ ಸೂಕ್ಷ್ಮವಾಗಿದ್ದರೂ ಕಾಡಿಗೆ ಸವರುವವರೆಗೆ ಅದು ಕಣ್ಣಿಗೆ ಕಾಣುವುದಿಲ್ಲ. ಮಠದಲ್ಲಿ ಬಾಲ್ಯದಲ್ಲಿ ನಾವು ಕಲಿತ ಮೊದಲ ಪಾಠವೇ ಅದು. ಪರದೆಯಲ್ಲಿ ಕಾಡಿಗೆಯ ಕೆಲಸವನ್ನು ಮಾಡುವುದು ಬೆಳಕು ಮತ್ತು ಕಪ್ಪುಬಿಳುಪಿನ ಅಂತರ. ಬೆಳಕನ್ನು ನಿಟ್ಸ್ ಎಂಬ ಮಾನದಲ್ಲಿ ಹೇಳುತ್ತಾರೆ. 250 ನಿಟ್ಸ್ ಪರದೆ ಕೋಣೆಯೊಳಗೆ ನಡೆಯುತ್ತದೆ. ಕಿಟಕಿಯ ಬಳಿ, ರೈಲಿನಲ್ಲಿ, ಪಡಸಾಲೆಯಲ್ಲಿ ಕುಳಿತು ಓದುವವರಿಗೆ 400ರ ಹತ್ತಿರ ಇರಬೇಕು. ಕನ್ನಡಿಯಂತೆ ಹೊಳೆಯುವ ಪರದೆ ಅಂಗಡಿಯಲ್ಲಿ ಚೆಲುವಾಗಿ ಕಂಡರೂ ಮನೆಯಲ್ಲಿ ನಮ್ಮ ಮುಖವನ್ನೂ ಹಿಂದಿನ ಬಾಗಿಲನ್ನೂ ತೋರಿಸುತ್ತದೆ. ಓದಿಗೆ ಹೊಳಪಿಲ್ಲದ ಮೈಯೇ ಮೇಲು. ಪಕ್ಕದಿಂದ ನೋಡಿದರೂ ಬಣ್ಣ ಕೆಡದಿರಲು ಐಪಿಎಸ್ ಮಾದರಿಯ ಪರದೆಯನ್ನು ಕೇಳಬೇಕು. ಓಎಲ್ಇಡಿ ಎಂಬುದು ಅಚ್ಚ ಕಪ್ಪನ್ನು ಕೊಡುವ ಸೊಗಸಾದ ಪರದೆ. ಆದರೆ ಅವುಗಳಲ್ಲಿ ಹಲವು ಮಂದ ಬೆಳಕಿನಲ್ಲಿ ಸೂಕ್ಷ್ಮವಾಗಿ ಮಿನುಗುವುದರಿಂದ ಕೆಲವರಿಗೆ ತಲೆನೋವು ಬರುತ್ತದೆ. ತಮ್ಮ ಕಣ್ಣಿಗೆ ಒಗ್ಗುವುದೋ ಇಲ್ಲವೋ ಎಂದು ನೋಡಿ ತೀರ್ಮಾನಿಸಬೇಕು.

ಪರದೆಯ ಆಕಾರವೂ ಮುಖ್ಯ. ಚಲನಚಿತ್ರಕ್ಕೆ ಹೊಂದುವ 16ಕ್ಕೆ 9ರ ಅಗಲ ಪರದೆಗಿಂತ 16ಕ್ಕೆ 10ರ ಪರದೆ ಓದುವವರಿಗೆ ಅನುಕೂಲ. 14 ಇಂಚಿನಲ್ಲಿ ಎತ್ತರ ಸುಮಾರು ಒಂದೂವರೆ ಸೆಂಟಿಮೀಟರ್ ಹೆಚ್ಚುತ್ತದೆ, ಅಗಲ ಕೊಂಚ ತಗ್ಗುತ್ತದೆ. ಪುಸ್ತಕದ ಪುಟ ಎತ್ತರವಾಗಿರುವುದೇ ಹೊರತು ಅಗಲವಾಗಿರುವುದಿಲ್ಲವಷ್ಟೆ. ಇನ್ನು ಕಿರಿದು ಎಂಬುದಕ್ಕೂ ಮಿತಿಯಿರಲಿ. 13ರಿಂದ 14 ಇಂಚು, ಒಂದೂಕಾಲರಿಂದ ಒಂದೂವರೆ ಕಿಲೋ ತೂಕವಿದ್ದರೆ ಹೆಗಲಿಗೆ ಹೊರೆಯಾಗದು. ಅದಕ್ಕಿಂತ ಚಿಕ್ಕದಾದರೆ ಕೀಲಿಗಳು ಇಕ್ಕಟ್ಟಾಗಿ ಬೆರಳು ತಡವರಿಸುತ್ತದೆ.

ಹೆಚ್ಚು ಚುಕ್ಕೆಗಳಿಗೆ ಬೆಲೆ ಎರಡು ಕಡೆ ತೆರಬೇಕು: ಒಂದು ಹಣದಲ್ಲಿ, ಇನ್ನೊಂದು ಬ್ಯಾಟರಿಯಲ್ಲಿ. ಚುಕ್ಕೆಗಳು ದಟ್ಟವಾದಷ್ಟೂ ಹಿಂದಿನ ಬೆಳಕು ತೂರಿ ಬರುವುದು ಕಡಿಮೆಯಾಗುವುದರಿಂದ ದೀಪವನ್ನು ಪ್ರಖರಗೊಳಿಸಬೇಕು. ಅಷ್ಟೂ ಚುಕ್ಕೆಗಳನ್ನು ಯಂತ್ರ ಕ್ಷಣಕ್ಷಣವೂ ಬರೆಯಬೇಕು. 2560 × 1600ರಲ್ಲಿ ಸುಮಾರು 41 ಲಕ್ಷ ಚುಕ್ಕೆಗಳಿದ್ದರೆ 3840 × 2400ರಲ್ಲಿ 92 ಲಕ್ಷ. ಕಣ್ಣು ಗುರುತಿಸಲಾರದ ಚುಕ್ಕೆಗಳಿಗಾಗಿ ಬ್ಯಾಟರಿ ಬರಿದಾಗಿ, ರೈಲಿನಲ್ಲಿ ಯಂತ್ರ ಮಧ್ಯದಲ್ಲೇ ಆರಿಹೋದರೆ ಅದರಿಂದೇನು ಪ್ರಯೋಜನ?

ಇಷ್ಟೆಲ್ಲ ನೋಡಿದ ಮೇಲೆ ಮೂರನೆಯ ಯಂತ್ರವನ್ನೇ ಕೊಳ್ಳುವುದೆಂದಾಯಿತು. ಆದರೆ ಅದರ ಬೆಲೆ ಕೈಯಲ್ಲಿದ್ದ ಹಣಕ್ಕಿಂತ 8,000 ರೂಪಾಯಿ ಹೆಚ್ಚಿತ್ತು. ಹುಡುಗಿ ಮೆಲ್ಲನೆ, “ಎರಡನೇದೇ ಸಾಕು ಅಪ್ಪಾಜಿ” ಎಂದಳು. ನಾನು ಅಂಗಡಿಯವರನ್ನು ಕೇಳಿ, ಅದೇ ಮಾದರಿಯಲ್ಲಿ ಸ್ಪರ್ಶದ ಪರದೆಯಿಲ್ಲದ, ಸಂಗ್ರಹಸ್ಥಳ 1 ಟಿಬಿಯ ಬದಲು 512 ಜಿಬಿ ಇರುವ ಯಂತ್ರವನ್ನು ತೆಗೆಸಿದೆ. ಸಂಗ್ರಹಸ್ಥಳ ಸಾಲದಾದರೆ ಹೊರಗಿನ ಡಿಸ್ಕ್ ಕೊಳ್ಳಬಹುದು. ಆದರೆ ತೆಳುವಾದ ಯಂತ್ರಗಳಲ್ಲಿ ರ್‍ಯಾಮ್ ಎಂಬ ಸ್ಮೃತಿಯನ್ನು ಹಲವು ವೇಳೆ ಬೆಸುಗೆ ಹಾಕಿಬಿಟ್ಟಿರುವುದರಿಂದ ಅದನ್ನು ಮುಂದೆ ಹೆಚ್ಚಿಸಲಾಗದು. ಆದಕಾರಣ 16 ಜಿಬಿಯನ್ನು ಮಾತ್ರ ಬಿಡಲಿಲ್ಲ. ಪರದೆಯೂ ಹಾಗೆಯೇ, ಒಮ್ಮೆ ಕೊಂಡದ್ದೇ ಕೊನೆಯವರೆಗೆ. ಮುಂದೆ ಸೇರಿಸಿಕೊಳ್ಳಬಹುದಾದುದನ್ನು ಈಗ ಬಿಡುವುದು, ಮುಂದೆ ಬದಲಿಸಲಾಗದುದನ್ನು ಈಗಲೇ ಸರಿಯಾಗಿ ಆರಿಸುವುದು: ಯಂತ್ರ ಕೊಳ್ಳುವವರಿಗೆ ಇದಕ್ಕಿಂತ ದೊಡ್ಡ ಸೂತ್ರವಿಲ್ಲ. ಹೀಗೆ ಕೊರತೆ 2,500 ರೂಪಾಯಿಗೆ ಇಳಿಯಿತು. ಅದನ್ನು ನಾನು ಕೊಡಲು ಹೋದಾಗ ನೇಕಾರರು ಒಪ್ಪಲಿಲ್ಲ. “ಈ ವಾರದ ಮಜೂರಿ ಬಂದ್ರೆ ಆಗುತ್ತೆ ಗುರುಗಳೇ, ನಾಲ್ಕು ದಿನ ಬಿಟ್ಟು ಬರ್ತೀವಿ” ಎಂದು ಮುಂಗಡ ಕೊಟ್ಟು, ಹೇಳಿದಂತೆಯೇ ನಾಲ್ಕು ದಿನ ಬಿಟ್ಟು ಹೋಗಿ ತಂದರು.

ಬಳಸಿದ ಯಂತ್ರವನ್ನು ಕೊಳ್ಳಬಹುದೇ ಎಂದು ಕೆಲವರು ಕೇಳುತ್ತಾರೆ. ಕಚೇರಿಗಳು ಬಳಸಿ ಮಾರಿದ, ಒಳ್ಳೆಯ ಪರದೆಯ ಕಿರಿಯ ಯಂತ್ರಗಳು ಎಸ್.ಪಿ. ರಸ್ತೆಯಲ್ಲಿ ಅರ್ಧ ಬೆಲೆಗೆ ಸಿಗುವುದುಂಟು. ಕೊಳ್ಳಬಾರದೆಂದೇನಿಲ್ಲ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ನಡೆಯಬೇಕಾದರೆ, ಇಂಟೆಲ್ ಸಂಸ್ಕಾರಕವಾದಲ್ಲಿ, ಸಾಮಾನ್ಯವಾಗಿ ಎಂಟನೆಯ ತಲೆಮಾರಿನದೋ ಅದರ ಮುಂದಿನದೋ ಆಗಿರಬೇಕು. ಅದಕ್ಕಿಂತ ಹಳೆಯದನ್ನು ಅಗ್ಗವೆಂದು ತಂದರೆ ಅದರ ರಕ್ಷಣೆಯ ಚಿಂತೆ ನಿಮ್ಮ ಪಾಲಿಗೆ ಬರುತ್ತದೆ. ಪರದೆಯ ಮೇಲೆ ಪೂರ್ತಿ ಬಿಳಿಯನ್ನೂ ಪೂರ್ತಿ ಕಪ್ಪನ್ನೂ ತರಿಸಿ, ಸತ್ತ ಚುಕ್ಕೆ, ಕಲೆ, ಗೆರೆಗಳಿವೆಯೇ ಎಂದು ನೋಡಬೇಕು. ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆಂಬುದನ್ನು ಮಾತಿನಿಂದಲ್ಲ, ಅರ್ಧ ಗಂಟೆ ನಡೆಸಿ ತಿಳಿಯಬೇಕು.

ಕೊನೆಯದಾಗಿ ತಾಯಂದಿರಿಗೂ ಹಿರಿಯರಿಗೂ ಒಂದು ಮಾತು. ಎಂತಹ ಪರದೆಯೂ ಕಣ್ಣಿಗೆ ಔಷಧವಲ್ಲ. ಮಗು ಪರದೆಗೆ ಮುಖವೊಡ್ಡಿ ಓದುತ್ತಿದ್ದರೆ ಮೊದಲು ಹೋಗಬೇಕಾದುದು ಅಂಗಡಿಗಲ್ಲ, ಕಣ್ಣಿನ ವೈದ್ಯರಲ್ಲಿಗೆ. ನಲವತ್ತು ದಾಟಿದವರು ಚಾಳೀಸು ಹಾಕಿಕೊಳ್ಳಲು ಸಂಕೋಚಪಟ್ಟು ಪರದೆಯನ್ನು ದೂಷಿಸಬಾರದು. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಿರೆಂದು ನೇತ್ರತಜ್ಞರು ಹೇಳುವ ಮಾತನ್ನು ಪಾಲಿಸಿದರೆ ಯಾವ ಯಂತ್ರದಲ್ಲಿ ಓದಿದರೂ ಆಯಾಸ ಕಡಿಮೆ.

ಶ್ರಾವಣದ ಒಂದು ಸಂಜೆ ಆ ಹುಡುಗಿ ಯಂತ್ರವನ್ನು ಕಂಕುಳಲ್ಲಿಟ್ಟುಕೊಂಡು ಬಂದಳು. ತಾನು ಯಾರಿಂದಲೋ ಪಡೆದಿದ್ದ ಟೈಪು ಮಾಡಿದ ಪ್ರತಿಯಲ್ಲಿ ‘ಬವ’ ಎಂದಿದೆ, ಅರ್ಥವಾಗುತ್ತಿಲ್ಲ, ಹಳೆಯ ಅಚ್ಚಿನ ಪುಟವನ್ನು ತೆರೆದಿದ್ದೇನೆ, ನೋಡಿ ಹೇಳಿ ತಾತ ಎಂದಳು. ನಾನು ಪುಟವನ್ನು ಹಿಗ್ಗಿಸುವಂತೆ ಹೇಳಲಿಲ್ಲ. ಒಂದು ಮೊಳ ದೂರದಲ್ಲಿ ಕುಳಿತು ನೋಡಿದೆ. ಅಕ್ಷರದ ಕೆಳಗಿನ ಸೀಳು ಕೂದಲೆಳೆಯಷ್ಟು ಸಣ್ಣದಾಗಿ, ಆದರೆ ಸಂದೇಹವಿಲ್ಲದಂತೆ ಅಲ್ಲಿತ್ತು. ‘ಭವ’ ಎಂದೆ. ಅವಳು ಪ್ರತಿಯನ್ನು ತಿದ್ದಿಕೊಂಡಳು.

ನಿಮ್ಮ ಮನೆಯಲ್ಲಿಯೂ ಯಾರಾದರೂ ಇಂತಹ ಯಂತ್ರ ಕೊಳ್ಳಲು ಹೊರಟಿದ್ದರೆ ಒಂದು ಅಳತೆಯ ಟೇಪನ್ನೂ ನಿಮ್ಮದೇ ಒಂದು ಕನ್ನಡ ಪುಟವನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿರಿ. ಆ ಪುಟದ ದಕಾರ ಧಕಾರಗಳು ಒಂದು ಮೊಳ ದೂರದಿಂದ ಬೇರೆ ಬೇರೆಯಾಗಿ ಕಂಡರೆ ಆ ಪರದೆ ನಿಮಗೆ ಸಾಕು.